ವಿಲ್ಲಿಸ್ ಕಿಟ್‌ನಿಂದ ಕೆಎ-32 ಜೀಪು: ಕಲಬುರಗಿಯಲ್ಲಿ ಕೂತು ಮಾಡೆಲ್ ಕಟ್ಟಿದ್ದು

ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ಗಾಡಿ ಕಟ್ಟುವ ವಿದೇಶದ ಒಂದು ಪ್ಲಾಸ್ಟಿಕ್ ಕಿಟ್ ತರಿಸಿ, ಕೊಯ್ದು, ಉಜ್ಜಿ, ಬಣ್ಣ ಹೊಡೆದು ನಮ್ಮ ಕಡೆಯ ಹಳೆ ಮಹೀಂದ್ರಾ ಜೀಪು ಮಾಡಿ ಮುಗಿಸಿದ್ದೇನೆ. ಉದ್ದ ಹದಿನಾಲ್ಕು ಸೆಂಟಿಮೀಟರ್ ಕೂಡ ಇಲ್ಲ. ಅಷ್ಟಕ್ಕೇ ಒಂದು ಮಳೆಗಾಲ, ಒಂದು ಚಳಿಗಾಲ ಹೋಗಿ ಬೇಸಿಗೆ ಬಂತು. ಕಲಬುರಗಿಯಲ್ಲಿ ಈ ಹುಚ್ಚು ಇರುವ ಇನ್ನೊಬ್ಬರು ನನಗೆ ಸಿಗಲಿಲ್ಲ. ವಿಡಿಯೋದಲ್ಲಿ ತೋರಿಸುವ ಸಾಮಾನು ಇಲ್ಲಿ ಸಿಗಲ್ಲ, ಇಲ್ಲಿ ಸಿಗುವ ಸಾಮಾನಿನ ಬಗ್ಗೆ ವಿಡಿಯೋದವರು ಮಾತಾಡಲ್ಲ. ಮುಂದೆ ಯಾರಾದರೂ ಕೈ ಹಾಕಿದರೆ ನನ್ನಷ್ಟು ಅಲೆಯದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಆಸೆ ಇದ್ದಿದ್ದು ಅಂಬಾಸಿಡರ್ ಮೇಲೆ. ಅದರ ಪ್ಲಾಸ್ಟಿಕ್ ಕಿಟ್ ಎಲ್ಲೂ ಕಾಣಲಿಲ್ಲ. ಮಹೀಂದ್ರಾ ಜೀಪಿನದ್ದೂ ಇಲ್ಲ. ಆದರೆ ಅದರ ಅಜ್ಜ ವಿಲ್ಲಿಸ್ ಎಂಬಿ ಇದೆಯಲ್ಲ, ಎರಡನೇ ಮಹಾಯುದ್ಧದ ಜೀಪು, ಅದರ ಕಿಟ್ ಬೇಕಾದಷ್ಟಿವೆ. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಮುಂಬೈನಲ್ಲಿ ವಿಲ್ಲಿಸ್ ಜೀಪುಗಳನ್ನೇ ಜೋಡಿಸಲು ಶುರು ಮಾಡಿದ್ದು. ಆಮೇಲೆ ನಮ್ಮ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆ ಓಡಿದ ಎತ್ತರದ ಬಾನೆಟ್ಟಿನ ಜೀಪು ಬಂತಲ್ಲ, ಅದು ವಿಲ್ಲಿಸ್ ಸಿಜೆ-3ಬಿ ಮಾದರಿ. ಯುದ್ಧದ ಜೀಪಿಗೂ ಇದಕ್ಕೂ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಒಂದೇ, 80 ಇಂಚು. ಅಂದರೆ 2,032 ಮಿ.ಮೀ. ನಾನು ಆರಿಸಿದ ಕಿಟ್ 1/24 ಸ್ಕೇಲಿನದು, ಅಂದರೆ ಅಸಲಿ ಗಾಡಿಯ 24ನೇ ಒಂದು ಪಾಲು. 2,032ನ್ನು 24ರಿಂದ ಭಾಗಿಸಿದರೆ 84.7 ಮಿ.ಮೀ. ಈ ಲೆಕ್ಕ ಹೊಂದಿದ ದಿನ ನಿದ್ದೆ ಬರಲಿಲ್ಲ. ಚಾಸಿ ಮುಟ್ಟದೆ ಮೇಲಿನ ಬಾಡಿ ಮಾತ್ರ ಬದಲಿಸಿದರೆ ಸಾಕು ಅಂತ ಆಯಿತಲ್ಲ.

ಸ್ಕೇಲ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕಾರಿನ ಕಿಟ್‌ಗಳು ಹೆಚ್ಚಾಗಿ 1/24 ಅಥವಾ 1/25. ಮಿಲಿಟರಿ ಗಾಡಿಗಳು ಹೆಚ್ಚಾಗಿ 1/35. ವಿಲ್ಲಿಸ್ ಎಂದು ಹುಡುಕಿದರೆ ಮೊದಲು 1/35ರವೇ ಬರುತ್ತವೆ, ಬೆಲೆಯೂ ಕಡಿಮೆ. ಆದರೆ ಕೊಯ್ದು ಕಟ್ಟುವ ಕೆಲಸ ಇದ್ದರೆ ಅದು ತೀರಾ ಸಣ್ಣದು. ಪಟ್ಟು ಹಿಡಿದು 1/24ರದ್ದೇ ತರಿಸಿ.

ನಮ್ಮ ದೇಶದ ಅಂಗಡಿಗಳಲ್ಲಿ ಆಗ ಸ್ಟಾಕ್ ಇರಲಿಲ್ಲ. ಯುರೋಪಿನ ಒಂದು ಅಂಗಡಿಗೆ ಆರ್ಡರ್ ಹಾಕಿದೆ. ಕಿಟ್‌ಗೆ ಸುಮಾರು 2,800 ರೂಪಾಯಿ, ಸಾಗಣೆಗೆ 1,900. ಪಾರ್ಸಲ್ ಭಾರತ ಮುಟ್ಟುವುದೇನೋ ಬೇಗ ಮುಟ್ಟಿತು. ಆಮೇಲೆ ಟ್ರ್ಯಾಕಿಂಗ್‌ನಲ್ಲಿ ಒಂದೇ ಸಾಲು: ಕಸ್ಟಮ್ಸ್ ತಪಾಸಣೆಯಲ್ಲಿದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ನೋಡು, ಅದೇ ಸಾಲು. ರಾತ್ರಿ ಮಲಗುವ ಮುಂಚೆ ನೋಡು, ಅದೇ ಸಾಲು. ಕೊನೆಗೆ ಕೊರಿಯರ್‌ನವರಿಂದ ಮೇಲ್ ಬಂತು. ಆಧಾರ್ ಬೇಕು, ಪ್ಯಾನ್ ಬೇಕು, ಅಂಗಡಿಯ ಬಿಲ್ ಬೇಕು, ದುಡ್ಡು ಕಟ್ಟಿದ ಬ್ಯಾಂಕ್ ದಾಖಲೆ ಬೇಕು. ಅದೆಲ್ಲ ಕೊಟ್ಟ ಮೇಲೆ ಇನ್ನೊಂದು ಪ್ರಶ್ನೆ: ಇದು ಆಟಿಕೆ, ಐಎಸ್‌ಐ ಗುರುತು ಎಲ್ಲಿದೆ?

ಇದರ ಹಿನ್ನೆಲೆ ತಿಳಿದಿರಲಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಆ ನಿಯಮ ಇರುವುದು 14 ವರ್ಷದೊಳಗಿನ ಮಕ್ಕಳ ಆಟಿಕೆಗೆ. ನನ್ನ ಕಿಟ್ ಡಬ್ಬಿಯ ಮೇಲೆ 14ಕ್ಕೆ ಮೇಲ್ಪಟ್ಟವರಿಗೆ ಎಂದು ಅಚ್ಚಾಗಿತ್ತು. ಅಂಗಡಿಯ ಪುಟದಿಂದ ಆ ಡಬ್ಬಿಯ ಫೋಟೋ ತೆಗೆದು, ಇದು ದೊಡ್ಡವರು ಅಂಟಿಸಿ ಕಟ್ಟುವ ಮಾದರಿ, ಸ್ವಂತ ಬಳಕೆಗೆ ಒಂದೇ ಒಂದು ತರಿಸಿದ್ದೇನೆ, ಮಾರಾಟಕ್ಕಲ್ಲ ಎಂದು ಸಹಿ ಹಾಕಿದ ಪತ್ರ ಕಳಿಸಿದೆ. ಮತ್ತೆ ಮೌನ. ಆಮೇಲೆ ಒಂದು ದಿನ ಹೇಳದೆ ಕೇಳದೆ ಬಿಡುಗಡೆ ಆಯಿತು. ನೀವು ಆರ್ಡರ್ ಹಾಕಿದ ದಿನವೇ ಬಿಲ್, ಡಬ್ಬಿ ಫೋಟೋ, ಪತ್ರ ಮೂರನ್ನೂ ಒಂದು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಸುಂಕದ ಮಾತು. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಸ್ಕೇಲ್ ಮಾಡೆಲ್‌ಗಳೂ ಕಸ್ಟಮ್ಸ್ ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಅದೇ 9503 ಶೀರ್ಷಿಕೆಗೆ ಸೇರುತ್ತವೆ. ಸ್ವಂತ ಬಳಕೆಗೆ ತರಿಸಿದ್ದನ್ನು 9804ರ ಅಡಿ ಹಾಕುವುದೂ ಉಂಟು, ಅದರ ದರ ಬೇರೆ. ಕೊರಿಯರ್ ಬಿಲ್ಲಿನಲ್ಲಿ ಯಾವುದನ್ನು ಹಾಕಿದ್ದಾರೆ ನೋಡಿ. ಸುಂಕ ಬೀಳುವುದು ಕಿಟ್ ಬೆಲೆ ಮೇಲೆ ಮಾತ್ರ ಅಲ್ಲ, ಸಾಗಣೆ ಖರ್ಚಿನ ಮೇಲೂ. ನನಗೆ ಸುಂಕ, ತೆರಿಗೆ, ಕೊರಿಯರ್‌ನವರ ಶುಲ್ಕ ಸೇರಿ 3,500ರ ಆಸುಪಾಸು ಬಿತ್ತು. ಕಿಟ್ಟಿಗಿಂತ ಜಾಸ್ತಿ! ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ, ಈಗಲೂ.

ಬಣ್ಣ, ಥಿನ್ನರ್ ಮಾತ್ರ ಹೊರಗಿನಿಂದ ತರಿಸಲು ಹೋಗಬೇಡಿ. ಬೆಂಕಿ ಹತ್ತುವ ಸಾಮಾನು, ವಿಮಾನಕ್ಕೆ ಹತ್ತಿಸಲ್ಲ.

ಡಬ್ಬಿ ಬಿಚ್ಚಿದರೆ ಮುಂದಿನ ಗಾಜಿನ ಭಾಗ ಅಡ್ಡಕ್ಕೆ ಸೀಳಿತ್ತು. ದಾರಿಯಲ್ಲಿ ಯಾರೋ ಪಾರ್ಸಲ್ ಮೇಲೆ ಕೂತಿರಬೇಕು. ನನಗೆ ಬೇಸರ ಆಗಲಿಲ್ಲ. ಯುದ್ಧದ ಜೀಪಿಗೆ ಮುಂದಿನ ಗಾಜು ಎರಡು ಹೋಳು, ನಮ್ಮ ಜೀಪಿಗೆ ಒಂದೇ. ಹೇಗೂ ತೆಗೆದು ಎಸೆಯುವುದಿತ್ತು.

ಆಮೇಲಿನ ಕೆಲಸ ಅಳತೆ. ಹುಮನಾಬಾದ್ ರಸ್ತೆಯಲ್ಲಿ ಒಂದು ಗ್ಯಾರೇಜಿನ ಹಿಂದೆ ಹಳೆ ಜೀಪು ಬೇವಿನ ಗಿಡದ ಕೆಳಗೆ ನಿಂತಿದ್ದು ನೋಡಿದ್ದೆ. ಟೇಪು, ನೋಟ್‌ಬುಕ್ ಹಿಡಿದು ಹೋದೆ. ಮಿಸ್ತ್ರಿ ಚಾಚಾ ಜಾಕ್ ಕೆಳಗಿನಿಂದಲೇ ತಲೆ ಹೊರಗೆ ಹಾಕಿದರು.

“ಏನ್ರೀ ಸರ್, ಗಾಡಿ ತಗೋಳೋರೇನು?”

“ಇಲ್ಲ ಚಾಚಾ, ಸ್ವಲ್ಪ ಅಳತೆ ಬೇಕಿತ್ತು.”

“ಜೀಪಿನ ಅಳತಿ ತಗೊಂಡು ಏನ್ ಮಾಡ್ತೀರಿ? ಅಂಗಿ ಹೊಲಸ್ತೀರೇನು?”

ಮೊಬೈಲ್‌ನಲ್ಲಿ ಕಿಟ್ ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಆಮೇಲೆ ಟೇಪಿನ ಇನ್ನೊಂದು ತುದಿ ಅವರೇ ಹಿಡಿದರು. “ಬಾನೆಟ್ ಮ್ಯಾಲಿಂದ ಅಳೀಬ್ಯಾಡ್ರಿ, ಬಾಜೂಲಿಂದ ಅಳೀರಿ. ಇದರ ಆಟ ಎಲ್ಲಾ ಎತ್ತರದಾಗೇ ಅದ” ಅಂದರು. ಮಾತು ಸರಿ. ಸಿಜೆ-3ಬಿಗೆ ಹಾಕಿದ ಎಂಜಿನ್ ಎತ್ತರದ್ದು, ಅದಕ್ಕೇ ಬಾನೆಟ್ಟನ್ನು ಮೇಲಕ್ಕೆತ್ತಿದರು. ಪಕ್ಕದಿಂದ ನೋಡಿದರೆ ಬಾನೆಟ್ಟಿಗೂ ಗಾಜಿನ ಚೌಕಟ್ಟಿಗೂ ಇರುವ ಸಂಬಂಧವೇ ಬೇರೆ.

ಏನೇನು ಬದಲಿಸಬೇಕು ಎಂದು ಅಲ್ಲೇ ನಿಂತು ಬರೆದುಕೊಂಡೆ. ಮುಂದಿನ ಜಾಲರಿಯಲ್ಲಿ ಕಿಟ್ಟಿಗೆ ಒಂಬತ್ತು ಸೀಳು, ಇದಕ್ಕೆ ಏಳು. ಹೆಡ್‌ಲೈಟ್ ದೊಡ್ಡದು, 7 ಇಂಚು, ಅಂದರೆ ಮಾಡೆಲ್‌ನಲ್ಲಿ 7.4 ಮಿ.ಮೀ. ಹಿಂದೆ ಬಾಗಿಲು ಇದೆ, ಯುದ್ಧದ ಜೀಪಿಗೆ ಇಲ್ಲ. ಸ್ಟೆಪ್ನಿ ಅದಕ್ಕೆ ಹಿಂದೆ, ಇದಕ್ಕೆ ಎಡಪಕ್ಕ. ಪಕ್ಕಕ್ಕೆ ಕಟ್ಟುವ ಸಲಿಕೆ, ಕೊಡಲಿಯ ಗುರುತುಗಳೆಲ್ಲ ಅಳಿಸಬೇಕು. ಸ್ಟೀರಿಂಗ್ ಎಡದಿಂದ ಬಲಕ್ಕೆ ಬರಬೇಕು. ಇದೇ ಕಷ್ಟ ಎಂದುಕೊಂಡಿದ್ದೆ, ಅದೇ ಎಲ್ಲಕ್ಕಿಂತ ಸಲೀಸು. ಮೀಟರ್‌ಗಳೆಲ್ಲ ಡ್ಯಾಶ್‌ಬೋರ್ಡಿನ ನಡುವೆಯೇ ಇವೆ. ಎಡಗಡೆಯ ತೂತು ಮುಚ್ಚಿ, ಬಲಗಡೆ ಒಂದು ಕೊರೆದು, ಪೆಡಲ್‌ಗಳನ್ನು ಕಿತ್ತು ಆ ಕಡೆ ಅಂಟಿಸಿದರೆ ಮುಗಿಯಿತು.

ಕಿಟ್ ಭಾಗಗಳನ್ನು ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ ಉಳಿದಿರುತ್ತದೆ, ಅದರ ಮೇಲೆ ಬಣ್ಣ ಹಿಡಿಯಲ್ಲ.

ಉಜ್ಜುವುದಕ್ಕೆ ನಮ್ಮ ಊರಿನವರಿಗೆ ಒಂದು ಪುಣ್ಯ ಇದೆ: ಶಹಾಬಾದ್ ಕಲ್ಲು. ಹೊರಗಿನವರು ದಪ್ಪ ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ ಭಾಗಗಳನ್ನು ಸಮ ಮಾಡುತ್ತಾರೆ. ನಾನು ಕಲ್ಲಿನ ಅಡ್ಡೆಯಿಂದ ಪಾಲಿಶ್ ಆದ ಒಂದು ತುಂಡು ಪರ್ಸಿ ತಂದೆ, ದುಡ್ಡೇ ತಗೊಳ್ಳಲಿಲ್ಲ. ಅದರ ಮೇಲೆ ನೀರು ಚಿಮುಕಿಸಿ ವಾಟರ್ ಪೇಪರ್ ಹರವಿದರೆ ಹಾಗೇ ಕಚ್ಚಿಕೊಳ್ಳುತ್ತದೆ. 400, 600, 1000, 2000 ನಂಬರ್ ಕಾಗದ ಗಾಡಿ ಪೇಂಟ್ ಅಂಗಡಿಯಲ್ಲಿ ಸಿಗುತ್ತವೆ.

ಜಾಲರಿ ನನ್ನ ಜೀವ ತಿಂದಿತು. ಒಂದು ಮಿ.ಮೀ. ಪಾಲಿಸ್ಟೈರೀನ್ ಹಾಳೆ ಮೇಲೆ ಏಳು ಸೀಳು ಗುರುತು ಮಾಡಿ, ಪ್ರತಿ ಸೀಳಿನ ಮೇಲೆ ಕೆಳಗೆ ಸೂಜಿ ಡ್ರಿಲ್ಲಿನಿಂದ ತೂತು ಹಾಕಿ, ನಡುವೆ ಬ್ಲೇಡಿನಿಂದ ಕೊಯ್ದು, ಬಂಗಾರದ ಕೆಲಸದವರು ಬಳಸುವ ಸಣ್ಣ ಅರದಿಂದ ಉಜ್ಜಬೇಕು. ಆರು ಸೀಳು ನೆಟ್ಟಗೆ ಬಂದು ಏಳನೆಯದರ ಪಟ್ಟಿ ಮುರಿಯುತ್ತದೆ. ಮತ್ತೆ ಮೊದಲಿನಿಂದ. ಕೊನೆಗೆ ಬೇರೆ ದಾರಿ ಹಿಡಿದೆ. ತೂತು ಕೊರೆಯುವ ಬದಲು ಎಂಟು ಸಣ್ಣ ಪಟ್ಟಿಗಳನ್ನು ಒಂದೇ ಅಳತೆಗೆ ಕೊಯ್ದು, ನಡುವೆ ಹಳೆ ಎಟಿಎಂ ಕಾರ್ಡಿನ ತುಂಡುಗಳನ್ನಿಟ್ಟು, ಮೇಲೂ ಕೆಳಗೂ ಅಡ್ಡಪಟ್ಟಿ ಕೊಟ್ಟು ಅಂಟಿಸಿದೆ. ಒಣಗಿದ ಮೇಲೆ ಕಾರ್ಡಿನ ತುಂಡು ಎಳೆದುಹಾಕಿದರೆ ಏಳೂ ಸೀಳು ಒಂದೇ ಅಗಲ. ಅಂಟನ್ನು ತುದಿಗಳಿಗೆ ಮಾತ್ರ ಮುಟ್ಟಿಸಿ, ಕಾರ್ಡಿಗೆ ತಾಗಿಸಬೇಡಿ.

ಹಾಳೆ ಎಲ್ಲಿಂದ ಅಂತೀರಾ? ಮಾಡೆಲ್‌ಗೆಂದೇ ಮಾರುವ ಹಾಳೆ ತುಟ್ಟಿ. ದಪ್ಪದ್ದು ಮಾತ್ರ ಅದನ್ನು ಕೊಂಡೆ. ತೆಳುವಾದದ್ದಕ್ಕೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ ಸಾಕು. ತಳದಲ್ಲಿ ತ್ರಿಕೋನದೊಳಗೆ 6 ಎಂದು ಅಚ್ಚಾಗಿದ್ದರೆ ಅದು ಪಾಲಿಸ್ಟೈರೀನ್, ಕಿಟ್ ಅಂಟು ಹಿಡಿಯುತ್ತದೆ. 5 ಇದ್ದರೆ ಬಿಟ್ಟುಬಿಡಿ.

ಅಂಟು ವಿಷಯದಲ್ಲಿ ಜಿಪುಣತನ ಬೇಡ. ಟಮಿಯಾದ ಎಕ್ಸ್‌ಟ್ರಾ ಥಿನ್ ಒಂದು ಬಾಟಲಿ ತರಿಸಿಕೊಳ್ಳಿ. ಅದು ಫೆವಿಕ್ವಿಕ್ ಹಾಗೆ ಮೇಲೆ ಕೂರುವ ಅಂಟಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಎರಡು ಭಾಗ ಜೋಡಿಸಿ ಹಿಡಿದು ಸಂದಿಗೆ ಕುಂಚ ಮುಟ್ಟಿಸಿದರೆ ತಾನೇ ಒಳಗೆ ಹರಿದುಹೋಗುತ್ತದೆ. ಬಾನೆಟ್ ಎತ್ತರಿಸಲು ಎರಡೂ ಪಕ್ಕಕ್ಕೆ ಪಟ್ಟಿ ಕೊಟ್ಟಾಗ ಉಳಿದ ಸಂದಿಗಳಿಗೆ ಸ್ಪ್ರೂ (ಭಾಗಗಳೆಲ್ಲ ಅಂಟಿಕೊಂಡು ಬರುವ ಚೌಕಟ್ಟು, ಎಲ್ಲರೂ ಎಸೆಯುವುದು) ಚೂರುಗಳನ್ನೇ ಈ ಅಂಟಿನಲ್ಲಿ ಕರಗಿಸಿ ತುಂಬಿದೆ. ದೊಡ್ಡ ಗುಂಡಿಗಳಿಗೆ ಎಂ-ಸೀಲ್. ಫೆವಿಕ್ವಿಕ್ಕನ್ನು ಗಾಜಿನ ಭಾಗದ ಹತ್ತಿರ ತರಲೇಬೇಡಿ, ಅದರ ಹಬೆಗೆ ಗಾಜು ಬೆಳ್ಳಗೆ ಮಂಜಾಗುತ್ತದೆ. ಅಲ್ಲಿಗೆ ಫೆವಿಕಾಲ್ ಒಳ್ಳೆಯದು, ಒಣಗಿದ ಮೇಲೆ ಕಾಣುವುದೇ ಇಲ್ಲ. ನನ್ನ ಜೀಪಿನ ಮುಂದಿನ ಗಾಜು ಹೊಸ ಅಂಗಿ ಡಬ್ಬಿಯ ಪಾರದರ್ಶಕ ಮುಚ್ಚಳದಿಂದ ಬಂದಿದ್ದು.

ಕನ್ನಡಿ ಹಿಡಿಕೆ, ಹುಡ್ಡಿನ ಕಂಬಿ ಇಂಥ ತೆಳು ಕಡ್ಡಿಗಳಿಗೆ ಸ್ಪ್ರೂ ಎಳೆಯುವುದು ಕಲಿಯಿರಿ. ಸ್ಪ್ರೂವಿನ ಒಂದು ಗೇಣು ತುಂಡನ್ನು ಮೇಣದಬತ್ತಿಯ ಜ್ವಾಲೆಯ ಸ್ವಲ್ಪ ಮೇಲೆ ಹಿಡಿದು ತಿರುಗಿಸುತ್ತಿರಿ. ನಡುವೆ ಹೊಳಪು ಬಂದು ಜೋಲತೊಡಗಿದ ತಕ್ಷಣ ಬೆಂಕಿಯಿಂದ ಆಚೆ ತಂದು ಎರಡೂ ಕೈಯಿಂದ ಎಳೆಯಿರಿ. ಬೆಲ್ಲದ ಪಾಕದ ಎಳೆ ಹಾಗೆ ಬರುತ್ತದೆ. ಮೆಲ್ಲಗೆ ಎಳೆದರೆ ದಪ್ಪ, ಬೇಗ ಎಳೆದರೆ ಕೂದಲಿನಷ್ಟು ತೆಳು. ಫ್ಯಾನ್ ಆರಿಸಿರಬೇಕು, ಏಪ್ರಿಲ್‌ನಲ್ಲಿ ಇದೇ ದೊಡ್ಡ ಶಿಕ್ಷೆ.

ಹೆಡ್‌ಲೈಟ್ ಗಾಜಿಗೆ ನಮ್ಮ ಊರಿನ ಸೂಪರ್ ಮಾರ್ಕೆಟ್ ಬಜಾರಿನ ಬಳೆ ಅಂಗಡಿಗಳಲ್ಲಿ ಅಲೆದೆ. ಕುಪ್ಪಸಕ್ಕೆ ಹಚ್ಚುವ ಬಿಳಿ ಹರಳುಗಳಲ್ಲಿ 7 ಮಿ.ಮೀ.ದು ಬೇಕಿತ್ತು. ಸ್ಕೇಲ್ ಇಟ್ಟು ಹರಳು ಅಳೆಯುವ ಗಂಡಸನ್ನು ಅಂಗಡಿಯಮ್ಮ ಹಿಂದೆ ನೋಡಿರಲಿಕ್ಕಿಲ್ಲ. “ಹೆಣ್ಮಕ್ಕಳನ್ನ ಕರ್ಕೊಂಡ್ ಬರ್ರಿ ಅಣ್ಣಾ, ಅವರಿಗೆ ಗೊತ್ತಾಗ್ತದ” ಅಂದರು. ಹತ್ತು ರೂಪಾಯಿಗೆ ಒಂದು ಪೊಟ್ಟಣ ಕೊಟ್ಟರು.

ಬಣ್ಣದ ಕಥೆ ಬೇರೆ. ಬಾಡಿ ಸಿದ್ಧವಾಗುವ ಹೊತ್ತಿಗೆ ಬೇಸಿಗೆ. ನಮ್ಮ ಊರಿನ ಮೇ ತಿಂಗಳು ಗೊತ್ತಲ್ಲ, 42, 43 ಡಿಗ್ರಿ. ಆ ಬಿಸಿಯಲ್ಲಿ ಸ್ಪ್ರೇ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ, ಪುಡಿಯಾಗಿ ಬಾಡಿ ಮೇಲೆ ಕೂರುತ್ತದೆ. ಮುಟ್ಟಿದರೆ ಉಪ್ಪಿನಕಾಗದ ಮುಟ್ಟಿದಂತೆ. ಅದಕ್ಕೆ ಬೆಳಗಿನ ಐದೂವರೆಗೆ ಎದ್ದು ಮಾಳಿಗೆ ಹತ್ತುತ್ತಿದ್ದೆ. ಏಳೂವರೆಗೆ ಅಂಗಡಿ ಬಂದ್. ಗಾಡಿ ಪೇಂಟ್ ಅಂಗಡಿಯಲ್ಲಿ ರಿಟಾರ್ಡರ್ ಥಿನ್ನರ್ ಕೇಳಿ, ಅದನ್ನು ಸ್ವಲ್ಪ ಬೆರೆಸಿದರೆ ಬಣ್ಣ ನಿಧಾನ ಒಣಗುತ್ತದೆ. ಮಳೆಗಾಲದಲ್ಲಿ ಹೊಡೆಯುವವರಿಗೆ ತೊಂದರೆ ಉಲ್ಟಾ, ತೇವಕ್ಕೆ ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ.

ಗಾಡಿಗೆ ಹೊಡೆಯುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು, ಎನ್‌ಸಿ ಥಿನ್ನರ್ ಅಗ್ಗ, ಆದರೆ ಬರಿಯ ಪ್ಲಾಸ್ಟಿಕ್ ಮೇಲೆ ಬಿದ್ದರೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಬಾಡಿಗೆ ಹೊಡೆಯುವ ಮುಂಚೆ ಬಿಸಾಡುವ ಚಮಚಗಳ ಮೇಲೆ ಪರೀಕ್ಷೆ ಮಾಡಿದೆ. ಬರಿ ಚಮಚ ಸುಕ್ಕು ಹಿಡಿಯಿತು. ಪ್ರೈಮರ್ ಮೇಲೆ ದೂರದಿಂದ ತೆಳುವಾಗಿ ಧೂಳಿನಂತೆ ಎರಡು ಮೂರು ಪದರ ಕೊಟ್ಟು, ಒಣಗಿದ ಮೇಲೆ ಹೊಡೆದ ಚಮಚಕ್ಕೆ ಏನೂ ಆಗಲಿಲ್ಲ. ಒಳಗಿನ ಸಣ್ಣ ಭಾಗಗಳಿಗೆ ಟಮಿಯಾ ಅಕ್ರಿಲಿಕ್ ಬಳಸಿದೆ. ಅದನ್ನು ತೆಳು ಮಾಡಲು ಐಸೊಪ್ರೊಪೈಲ್ ಆಲ್ಕೊಹಾಲ್ ನಡೆಯುತ್ತದೆ, ಔಷಧಿ ಅಂಗಡಿಯಲ್ಲಿ ಕೇಳಿ. ಉಗುರು ಬಣ್ಣ ತೆಗೆಯುವ ಅಸಿಟೋನ್ ಬೇಡವೇ ಬೇಡ. ಬಟ್ಟೆ ಮಾಸ್ಕ್ ಹಾಕಿಕೊಂಡು ಥಿನ್ನರ್ ಸ್ಪ್ರೇ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಧೂಳಿಗೆ, ಹಬೆಗಲ್ಲ. ಕಾರ್ಟ್ರಿಜ್ ಇರುವ ಮಾಸ್ಕ್ ಕೊಳ್ಳಿ, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಆಮೇಲೆ ನೋಡೋಣ.

ನಂಬರ್ ಪ್ಲೇಟಿಗೆ ನೀರಲ್ಲಿ ನೆನೆಸಿ ಅಂಟಿಸುವ ವಾಟರ್ ಡಿಕಲ್ ಪೇಪರ್ ಹುಡುಕಿ ಬೇಸತ್ತೆ. ಫೋಟೋ ಸ್ಟುಡಿಯೋದಲ್ಲಿ ಸಾದಾ ಗ್ಲಾಸಿ ಪೇಪರ್ ಮೇಲೆ ಪ್ರಿಂಟ್ ಹಾಕಿಸಿದೆ, ಚೆನ್ನಾಗೇ ಬಂತು. ನಮ್ಮಲ್ಲಿ ಕಾರಿನ ಉದ್ದನೆ ಪ್ಲೇಟ್ 500×120 ಮಿ.ಮೀ., ಅಂದರೆ 1/24ಕ್ಕೆ 20.8×5. ಚೌಕದ್ದು 340×200, ಅಂದರೆ 14.2×8.3. ಕಲಬುರಗಿಯ ಕೆಎ-32 ಹಾಕಿ ಮುಂದೆ ಸುಮ್ನೆ ಯಾವುದೋ ಅಂಕಿ ಕೊಟ್ಟೆ. ಒಂದೇ ಹಾಳೆಯಲ್ಲಿ ಗಾಜಿನ ಮೇಲಿನ ಪಟ್ಟಿಗೆ “ಶ್ರೀ ಶರಣಬಸವೇಶ್ವರ ಪ್ರಸನ್ನ” ಎಂದೂ ಹಾಕಿಸಿದೆ. ಪಟ್ಟಿ ಅಗಲ ಮೂರು ಮಿ.ಮೀ., ಸ್ಟುಡಿಯೋ ಹುಡುಗ ಒತ್ತಕ್ಷರ ಓದಲು ಬರಲ್ಲ ಅಂದ. ಅಕ್ಷರ ಸ್ವಲ್ಪ ದಪ್ಪ ಮಾಡಿಸಿದ ಮೇಲೆ ಬಂತು. ಹಾಳೆಯ ಹಿಂಬದಿಯನ್ನು ಉಜ್ಜಿ ತೆಳು ಮಾಡಿ ಅಂಟಿಸಿ, ಇಲ್ಲದಿದ್ದರೆ ದಪ್ಪ ರಟ್ಟು ಅಂಟಿಸಿದಂತೆ ಕಾಣುತ್ತದೆ. ಅಂಚಿನ ಬಿಳಿಗೆ ಕಪ್ಪು ಸ್ಕೆಚ್ ಪೆನ್ ಎಳೆಯಿರಿ.

ಮೇಲಿನ ಕ್ಯಾನ್‌ವಾಸ್ ಹುಡ್ ಟಿಶ್ಯೂ ಕಾಗದದ್ದು. ನೀರು ಬೆರೆಸಿದ ಫೆವಿಕಾಲ್‌ನಲ್ಲಿ ತೊಯ್ಸಿ ಕಂಬಿಗಳ ಮೇಲೆ ಹಾಸಿ, ಜೋಲುವ ಕಡೆ ಬೆರಳಿಂದ ಒತ್ತಿ ಬಿಟ್ಟರೆ ಮಡಿಕೆಗಳು ತಾವೇ ಬೀಳುತ್ತವೆ.

ಕೊನೆಗೆ ಮಣ್ಣು. ಮಾಡೆಲ್ ಅಂಗಡಿಗಳಲ್ಲಿ ಮಣ್ಣಿನ ಪುಡಿ ಡಬ್ಬಿಯಲ್ಲಿ ಮಾರುತ್ತಾರೆ, ಅದು ಯಾವುದೋ ದೇಶದ ಕಂದು ಮಣ್ಣು. ತೊಗರಿ ಹೊಲದಲ್ಲಿ ಓಡಾಡಿದ ಜೀಪಿಗೆ ಎರೆ ಮಣ್ಣೇ ಆಗಬೇಕು. ಆಳಂದ ರಸ್ತೆಯಲ್ಲಿ ನಮ್ಮವರ ಹೊಲದಿಂದ ಒಂದು ಕೈಚೀಲ ತಂದೆ. ತೇವ, ಹುಳ ಹೋಗಲಿ ಅಂತ ತವೆ ಮೇಲೆ ಹುರಿಯುತ್ತಿದ್ದಾಗ ಅವ್ವ ಒಳಗೆ ಬಂದಳು. “ರೊಟ್ಟಿ ಬಡಿಯೋ ಹಂಚಿನ ಮ್ಯಾಲೆ ಮಣ್ಣ ಹುರೀತೀಯಲ್ಲೋ!” ಆ ತವೆ ಈಗ ನನ್ನ ಪಾಲಿಗೇ ಬಂದಿದೆ, ಮನೆಗೆ ಹೊಸದು ತರಬೇಕಾಯಿತು. ಮಣ್ಣನ್ನು ಹಳೆ ಧೋತರದ ಬಟ್ಟೆಯಲ್ಲಿ ಜರಡಿ ಹಿಡಿದು, ನೀರು, ಎರಡು ಹನಿ ಫೆವಿಕಾಲ್ ಹಾಕಿ ಕಲಸಿ, ಟೈರಿನ ಸಂದಿಗೆ, ಮಡ್‌ಗಾರ್ಡ್ ಒಳಗೆ ಹಚ್ಚಿ. ಹಸಿ ಇದ್ದಾಗ ಕಡುಕಪ್ಪು ಕಂಡು ಜಾಸ್ತಿ ಆಯಿತೇನೋ ಅನ್ನಿಸುತ್ತದೆ. ಒಣಗಿದರೆ ಬೂದು ಬಣ್ಣಕ್ಕೆ ತಿರುಗಿ ಸರಿಯಾಗುತ್ತದೆ. ಬಿಳಿ ಬಾಡಿ ಮೇಲೆ ಅದು ಎದ್ದು ಕಾಣುತ್ತದೆ. ಮಣ್ಣು ಹಚ್ಚಿದ ಮೇಲೆಯೇ ಮ್ಯಾಟ್ ಕೋಟ್ (ಹೊಳಪಿಲ್ಲದ ಪಾರದರ್ಶಕ ಪದರ) ಹೊಡೆಯಿರಿ, ಇಲ್ಲವಾದರೆ ಮುಟ್ಟಿದಾಗೆಲ್ಲ ಉದುರುತ್ತದೆ.

ಚಾಚಾಗೆ ತೋರಿಸಲು ಒಯ್ದಿದ್ದೆ. ಕೈ ಒರೆಸಿಕೊಂಡು ಹಿಡಿದು, ತಿರುಗಿಸಿ, ಮೊದಲು ನೋಡಿದ್ದು ಕೆಳಗೆ. “ಸೈಲೆನ್ಸರ್ ಪೈಪು ಛಲೋ ಮಾಡೀರಿ. ಆದ್ರ ಟೈರ್ ಭಾಳ ಹೊಸಾವು ಆಗ್ಯಾವ ನೋಡ್ರಿ, ಇಂಥಾ ಜೀಪಿಗಿ ಇಂಥಾ ಟೈರ್ ಯಾರು ಹಾಕ್ತಾರ?” ಮನೆಗೆ ಬಂದು ಟೈರಿನ ನಡುವೆ 600 ನಂಬರ್ ಕಾಗದ ಉಜ್ಜಿದೆ.

ಖರ್ಚು ಕೇಳುವವರಿಗೆ: ಕಿಟ್ ಕೈ ಸೇರುವ ಹೊತ್ತಿಗೆ 8,200ರ ಆಸುಪಾಸು. ಅಂಟು, ಬಣ್ಣ, ಹಾಳೆ, ಕಾಗದ, ಮಾಸ್ಕ್ ಎಲ್ಲ ಸೇರಿ ಇನ್ನೊಂದು ಮೂರೂವರೆ ಸಾವಿರ. ಏರ್‌ಬ್ರಷ್ ಸ್ನೇಹಿತನದ್ದು, ಕೊಂಡರೆ ಕಂಪ್ರೆಸರ್ ಸೇರಿ ಮತ್ತಷ್ಟು. ಮೊದಲ ಸಲ ಮಾಡುವವರು ಇದಕ್ಕೇ ಇಳಿಯಬೇಡಿ. ಅಂಟು, ಬಣ್ಣ ಬೇಡದ ಸ್ನ್ಯಾಪ್ ಕಿಟ್‌ಗಳು ಬರುತ್ತವೆ, ಆವೊಶಿಮಾದವರ 1/32ರ ಸುಜುಕಿ ಜಿಮ್ನಿ ಅಂಥದ್ದೇ. ಒಂದು ಭಾನುವಾರದಲ್ಲಿ ಮುಗಿಯುತ್ತದೆ, ಕೈಗೂ ರೂಢಿ ಆಗುತ್ತದೆ.

ಉಳಿದ ಸಾಮಾನು ಡಬ್ಬಿಯಲ್ಲೇ ಇದೆ: ಒಂಬತ್ತು ಸೀಳಿನ ಜಾಲರಿ, ಸಲಿಕೆ, ಕೊಡಲಿ, ಜೆರಿಕ್ಯಾನ್, ಅಮೆರಿಕದ ಬಿಳಿ ನಕ್ಷತ್ರದ ಸ್ಟಿಕ್ಕರ್‌ಗಳು. ಯುದ್ಧದ ಜೀಪು ಕಟ್ಟುವವರು ಯಾರಾದರೂ ಇದ್ದರೆ ಹೇಳಿ, ಸುಮ್ನೆ ಕೊಟ್ಟುಬಿಡುತ್ತೇನೆ. ಹರಳಿನ ಪೊಟ್ಟಣ ಮಾತ್ರ ಕೇಳಬೇಡಿ, ಅದು ತಂಗಿಯ ಪಾಲಾಗಿದೆ.